ಮುಂಬಯಿಯಿಂದ ಹೊರಟ ಶಂಕರ್ ನಾಗ್

ಶಂಕರ್ ನಾಗ್ ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಎರಡೇ ಚಿತ್ರ. ಒಂದು, ಖಾಕಿ ಅಂಗಿ ತೊಟ್ಟು ಆಟೋರಿಕ್ಷಾ ಓಡಿಸುವ ಹೀರೋ. ಇನ್ನೊಂದು, 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಟೋಪಿ ಹಾಕಿಕೊಂಡು ಶಾಲೆಗೆ ಓಡುವ ಸ್ವಾಮಿ, ಆ ಸ್ವಾಮಿಯ ಹಿಂದೆ ಎಲ್ಲೋ ನಿಂತಿರುವ ನಿರ್ದೇಶಕ. ರಜೆಯಲ್ಲಿ ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಇಳಿದರೆ ಸಾಕು, ರಿಕ್ಷಾಗಳ ಬೆನ್ನಿನ ಮೇಲೆ ಅವರ ಮುಖ ಕಾಣುತ್ತದೆ. ಅದನ್ನು ನೋಡಿ ನಾವು ಅವರು ಅಪ್ಪಟ ಬೆಂಗಳೂರಿನವರು ಅಂತಲೇ ತಿಳಿದುಬಿಡುತ್ತೇವೆ. ಆದರೆ ಈ ಮನುಷ್ಯ ನಟನಾಗಿ ತಯಾರಾದದ್ದು ನಮ್ಮ ಮುಂಬಯಿಯಲ್ಲಿ, ಅದೂ ಮರಾಠಿ ನಾಟಕದ ತಾಲೀಮುಗಳಲ್ಲಿ. ನಮ್ಮ ಕೂಟದಲ್ಲೇ ಎಷ್ಟೋ ಜನಕ್ಕೆ ಈ ಸಂಗತಿ ಹೊಸದು ಅಂತ ಗೊತ್ತಾದ ಮೇಲೆ ಈ ಲೇಖನ ಬರೆಯಲು ಕೂತೆ.

ಅವರ ಪೂರ್ತಿ ಹೆಸರು ಶಂಕರ್ ನಾಗರಕಟ್ಟೆ. ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆ. ಮನೆಯಲ್ಲಿ ಆಡುವ ಮಾತು ಕೊಂಕಣಿ. ಅಣ್ಣ ಅನಂತ, ಅಂದರೆ ಅನಂತ್ ನಾಗ್, ಇವರಿಗಿಂತ ಆರು ವರ್ಷ ದೊಡ್ಡವರು. ಕರಾವಳಿಯಿಂದ ಮುಂಬಯಿಗೆ ಬರುವುದು ಆಗಿನ ಕಾಲಕ್ಕೆ ಏನೂ ವಿಶೇಷವಲ್ಲ. ನಮ್ಮ ಅಜ್ಜಂದಿರೂ ಹಾಗೇ ಬಂದವರು. ಹೋಟೆಲಿಗೆ ಬಂದವರು ಹೋಟೆಲಿಗೆ, ಬ್ಯಾಂಕಿಗೆ ಬಂದವರು ಬ್ಯಾಂಕಿಗೆ. ಆದರೆ ಈ ಅಣ್ಣತಮ್ಮಂದಿರನ್ನು ಮುಂಬಯಿ ಎಳೆದುಕೊಂಡದ್ದು ನಾಟಕಕ್ಕೆ. ಅನಂತ್ ಮೊದಲು ರಂಗ ಹತ್ತಿದರು, ಅಲ್ಲಿಂದ ಶ್ಯಾಮ್ ಬೆನೆಗಲ್ ಅವರ 'ಅಂಕುರ್' (1974) ಚಿತ್ರಕ್ಕೆ ಹೋದರು. ತಮ್ಮ ಓದು ಮುಗಿಸಿ ಮರಾಠಿ ರಂಗಭೂಮಿಯಲ್ಲಿ ಮುಳುಗಿಬಿಟ್ಟರು.

ಆಗಿನ ಮುಂಬಯಿ ನಾಟಕದ ವಿಷಯ ಸ್ವಲ್ಪ ಹೇಳದೆ ಮುಂದೆ ಹೋದರೆ ಶಂಕರ್ ಅರ್ಥವಾಗುವುದಿಲ್ಲ. ಎಪ್ಪತ್ತರ ದಶಕ ಮರಾಠಿ ರಂಗಭೂಮಿಗೆ ಸುಗ್ಗಿಯ ಕಾಲ. ವಿಜಯ ತೆಂಡೂಲ್ಕರ್ ಬರೆಯುತ್ತಿದ್ದರು, ಜಯವಂತ ದಳವಿ ಬರೆಯುತ್ತಿದ್ದರು, ವಿಜಯಾ ಮೆಹ್ತಾ ಆಡಿಸುತ್ತಿದ್ದರು, ಸತ್ಯದೇವ ದುಬೆ ಹಿಂದಿಯಲ್ಲಿ ಕಾರ್ನಾಡರನ್ನೂ ಬಾದಲ್ ಸರ್ಕಾರರನ್ನೂ ತಂದಿದ್ದರು. ದಾದರಿನ ಛಬಿಲದಾಸ್ ಶಾಲೆಯ ಸಭಾಗೃಹದಲ್ಲಿ ಹೊಸ ನಾಟಕಗಳ ಪ್ರಯೋಗ ಒಂದಾದ ಮೇಲೊಂದು ನಡೆಯುತ್ತಿತ್ತು. ನಾವು ಲೋಕಲ್ ಹಿಡಿಯಲು ಓಡುವ ಅದೇ ದಾದರು. ಈ ನಾಟಕದವರಲ್ಲಿ ಹೆಚ್ಚಿನವರಿಗೆ ಬೇರೆ ಹೊಟ್ಟೆಪಾಡು ಇತ್ತು. ಹಗಲು ಆಫೀಸು, ಸಾಯಂಕಾಲ ತಾಲೀಮು, ಆಮೇಲೆ ಕೊನೆಯ ಗಾಡಿ. ಆರೂವರೆಗೆ ಅಂದರೆ ಆರೂವರೆಗೆ ಎಲ್ಲರೂ ಹಾಜರಿರಬೇಕು. ಯಾಕೆಂದರೆ ಅವರಿಗೆ ಸಿಗುತ್ತಿದ್ದದ್ದೇ ಆ ಎರಡು ಮೂರು ಗಂಟೆ. ಇರುವ ಸಮಯದಲ್ಲೇ ಕೆಲಸ ಮುಗಿಸಬೇಕು ಅನ್ನುವ ಈ ಮುಂಬಯಿಯ ಅಭ್ಯಾಸ ಶಂಕರ್ ಅವರ ಮೈಗೆ ಹತ್ತಿತ್ತು ಅಂತ ನನಗೆ ತೋರುತ್ತದೆ. ಮುಂದೆ ಅವರು ಮಾಡಿದ ಕೆಲಸದ ವೇಗ ನೋಡಿದರೆ ಬೇರೆ ಕಾರಣ ಹೊಳೆಯುವುದೇ ಇಲ್ಲ.

ಇಂಥ ಒಂದು ತಾಲೀಮಿನಲ್ಲೇ ಅವರಿಗೆ ಅರುಂಧತಿ ರಾವ್ ಅವರ ಪರಿಚಯವಾದದ್ದು. ಆಕೆಗೆ ಆಗ ಹದಿನೇಳು ವರ್ಷ. ಮರಾಠಿ, ಗುಜರಾತಿ, ಹಿಂದಿ ಮೂರೂ ಭಾಷೆಯ ನಾಟಕಗಳಲ್ಲಿ ಪಳಗಿದವರು. ನಾಟಕದಲ್ಲಿ ಶುರುವಾದ ಈ ಪರಿಚಯ ಕೆಲವು ವರ್ಷಗಳ ನಂತರ ಮದುವೆಯಾಯಿತು. ಮುಂದೆ ಕಾವ್ಯ ಅಂತ ಒಬ್ಬ ಮಗಳು ಹುಟ್ಟಿದಳು.

ಶಂಕರ್ ನಟನೆಯ ಜೊತೆಗೆ ಬರವಣಿಗೆಗೂ ಕೈಹಾಕಿದ್ದರು. ಪುಣೆಯಲ್ಲಿ ಪ್ಲೇಗ್ ಬಂದಾಗ ಜನರ ಮೇಲೆ ದಬ್ಬಾಳಿಕೆ ನಡೆಸಿದ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದ ಕತೆ ನಮಗೆಲ್ಲ ಶಾಲೆಯ ಪುಸ್ತಕದಿಂದ ಗೊತ್ತು. ಆ ದಿನಾಂಕವನ್ನೇ ಹೆಸರಾಗಿಟ್ಟುಕೊಂಡು '22 ಜೂನ್ 1897' ಅನ್ನುವ ಮರಾಠಿ ಚಿತ್ರ 1979ರಲ್ಲಿ ಬಂತು. ನಚಿಕೇತ್ ಮತ್ತು ಜಯೂ ಪಟವರ್ಧನ್ ನಿರ್ದೇಶಿಸಿದ ಆ ಚಿತ್ರದ ಚಿತ್ರಕಥೆಯಲ್ಲಿ ಶಂಕರ್ ಅವರ ಪಾಲಿದೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕೊಂಕಣಿ ಮನೆಮಾತಿನ ಕನ್ನಡ ನಾಡಿನ ಹುಡುಗ ಮರಾಠಿ ಚಿತ್ರಕ್ಕೆ ಬರೆಯುತ್ತಾನೆ ಅಂದರೆ ಆ ಊರಿನ ಗಾಳಿ ಹೇಗಿತ್ತು ನೋಡಿ.

ಅಷ್ಟರಲ್ಲಿ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರ ತೆಗೆಯಲು ಹೊರಟಿದ್ದರು. ಜಪಾನಿನ ಕುರೋಸಾವನ ಸಮುರಾಯ್ ಚಿತ್ರಗಳ ಪ್ರಭಾವ ಆ ಚಿತ್ರದ ಮೇಲಿದೆ. ಆದರೆ ನಡೆಯುವುದು ಹಳೆಯ ಕನ್ನಡ ನಾಡಿನಲ್ಲಿ, ಕಾಡಿನಲ್ಲಿ. ಕೂಲಿಗಾಗಿ ಕತ್ತಿ ಹಿಡಿಯುವ ಗಂಡುಗಲಿಯ ಪಾತ್ರಕ್ಕೆ ಬಂದವರು ಶಂಕರ್. ಎದುರಿಗೆ ಪೆರ್ಮಾಡಿಯಾಗಿ ಸುಂದರ್ ಕೃಷ್ಣ ಅರಸ್. ಚಿತ್ರ 1978ರಲ್ಲಿ ತೆರೆಗೆ ಬಂತು. ಮರುವರ್ಷ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಈ ಇಪ್ಪತ್ತನಾಲ್ಕರ ಹುಡುಗನ ಪಾಲಾಯಿತು. ಮೊದಲ ಕನ್ನಡ ಚಿತ್ರ, ಮೊದಲ ಕೈಗೇ ಅಂತರರಾಷ್ಟ್ರೀಯ ಪ್ರಶಸ್ತಿ! ನೀವು ಆ ಚಿತ್ರ ನೋಡಿಲ್ಲವಾದರೆ ದಯವಿಟ್ಟು ನೋಡಿ. ಅದರಲ್ಲಿ ಅವರು ಮಾತಾಡುವುದು ಕಡಿಮೆ, ಕೆಲಸವೆಲ್ಲ ಭುಜ, ಕಣ್ಣು ಮತ್ತು ನಡಿಗೆಯದು. ಗಡ್ಡ ಬಿಟ್ಟ ಆ ಮುಖದಲ್ಲಿ ನಗು ಬಂದರೂ ನಂಬಬೇಕೋ ಬೇಡವೋ ಅನ್ನಿಸುತ್ತದೆ.

ಇಂಥ ನಟ ಮುಂದೆ ಏನು ಮಾಡಬೇಕಿತ್ತು? ನಮ್ಮ ಕೂಟದಲ್ಲಿ ಚರ್ಚೆ ಹತ್ತುವುದು ಇಲ್ಲೇ. ಕಲಾತ್ಮಕ ಚಿತ್ರಗಳಲ್ಲಿ ಇರಬೇಕಿತ್ತು, ಇಲ್ಲವೇ ನಾಟಕಕ್ಕೆ ವಾಪಸು ಬರಬೇಕಿತ್ತು, ಹೊಡೆದಾಟದ ಚಿತ್ರಗಳಿಗೆ ಹೋಗಿ ಹಾಳಾದರು ಅನ್ನುವುದು ಒಂದು ಪಕ್ಷ. ಶಂಕರ್ ಮಾಡಿದ್ದಂತೂ ಇಷ್ಟು. ಬೆಂಗಳೂರಿಗೆ ಹೋಗಿ ನೆಲೆಸಿದರು. 1979ರಲ್ಲಿ 'ಸೀತಾರಾಮು', 1980ರಲ್ಲಿ 'ಆಟೋ ರಾಜ'. ಅಲ್ಲಿಂದ ಮುಂದೆ ಸಾಲು ಸಾಲಾಗಿ ಮಸಾಲೆ ಚಿತ್ರಗಳು. ಜನ ಕರಾಟೆ ಕಿಂಗ್ ಅಂತ ಬಿರುದು ಕೊಟ್ಟರು. ಕಡೆಗಡೆಗೆ 'ಎಸ್.ಪಿ. ಸಾಂಗ್ಲಿಯಾನ' (1988), 'ಸಿ.ಬಿ.ಐ. ಶಂಕರ್' (1989) ಇವುಗಳಲ್ಲಿ ಪೊಲೀಸನಾಗಿ ಶಿಳ್ಳೆ ಗಿಟ್ಟಿಸಿದರು. ಹನ್ನೆರಡು ವರ್ಷದಲ್ಲಿ ಹೆಚ್ಚುಕಡಿಮೆ ಎಂಬತ್ತು ಚಿತ್ರ. ನಾನು ಕಾಮರ್ಸಿನವನು, ಸರಾಸರಿ ತೆಗೆಯದೆ ಇರಲಾರೆ. ಎರಡು ತಿಂಗಳು ತುಂಬುವ ಮೊದಲೇ ಒಂದು ಚಿತ್ರ ಅಂತಾಯಿತು.

ನಿಜ ಹೇಳಬೇಕೆಂದರೆ ಅವುಗಳಲ್ಲಿ ಬಹಳಷ್ಟು ಇವತ್ತು ನೋಡುವಂಥವಲ್ಲ. ನಾನು ಏಳೆಂಟು ನೋಡಿದ್ದೇನೆ. ಕತೆ ಒಂದೇ, ತಂಗಿ ಒಬ್ಬಳು, ಖಳನಾಯಕನ ಗೋಡೌನು ಒಂದು. ಶಂಕರ್ ಮಾತಾಡುವ ರೀತಿಯೂ ವಿಚಿತ್ರ. ಶಬ್ದದ ಕೊನೆ ನುಂಗಿಕೊಂಡು ಗಾಡಿ ತಪ್ಪೀತು ಅನ್ನುವವರ ಹಾಗೆ ಮಾತಾಡುತ್ತಾರೆ. ಕಂಪನಿ ನಾಟಕದ ಗಟ್ಟಿ ಕಂಠಕ್ಕೆ ಒಗ್ಗಿದ ಕಿವಿಗಳಿಗೆ ಅದು ಮೊದಲು ಹಿಡಿಸದೆ ಇದ್ದಿರಬಹುದು. ಆದರೆ ಅದೇ ಮಾತು ರಿಕ್ಷಾ ಓಡಿಸುವವರಿಗೆ ತಮ್ಮದು ಅನ್ನಿಸಿತು. ಇವತ್ತಿಗೂ ಬೆಂಗಳೂರಿನ ಆಟೋ ಸ್ಟ್ಯಾಂಡುಗಳಲ್ಲಿ ನವೆಂಬರ್ 9 ಬಂತೆಂದರೆ ಹೂವಿನ ಹಾರ ಬೀಳುತ್ತದೆ. ಸತ್ತು ಇಷ್ಟು ವರ್ಷವಾದ ಮೇಲೂ ಇರುವ ಈ ಅಭಿಮಾನವನ್ನು ಯಾವ ಬ್ಯಾಲೆನ್ಸ್ ಶೀಟಿನಲ್ಲಿ ಹೇಗೆ ತೋರಿಸುವುದೋ ನನಗೆ ತಿಳಿಯದು. ನಮ್ಮ ಪಠ್ಯದಲ್ಲಿ ಗುಡ್‌ವಿಲ್ ಅನ್ನುವ ಒಂದು ಅಧ್ಯಾಯವಿದೆ. ಅದರ ಯಾವ ಸೂತ್ರವೂ ಇಲ್ಲಿ ಹೊಂದುವುದಿಲ್ಲ.

ಹಾಳಾದರು ಅನ್ನುವವರು ಮರೆಯುವ ಸಂಗತಿಯೊಂದಿದೆ. ಆ ಚಿತ್ರಗಳ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಓಡುತ್ತಿತ್ತು. ಬೆಂಗಳೂರಿಗೆ ಹೋದ ಹೊಸತರಲ್ಲೇ ಶಂಕರ್ ಮತ್ತು ಅರುಂಧತಿ ಸೇರಿ 'ಸಂಕೇತ್' ಅನ್ನುವ ಹವ್ಯಾಸಿ ನಾಟಕ ತಂಡ ಕಟ್ಟಿದರು. ಅದು ಆಡಿದ ನಾಟಕಗಳ ಹೆಸರು ನೋಡಿ: ಕಾರ್ನಾಡರ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ಆಟ ಬೊಂಬಾಟ'. ಕೊನೆಯ ಘಟ್ಟದಲ್ಲಿ ಕಾರ್ನಾಡರ 'ನಾಗಮಂಡಲ'. ಇವುಗಳಲ್ಲಿ 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ' ಎರಡೂ ಜಯವಂತ ದಳವಿಯವರವು, ಮುಂಬಯಿಯ ಮರಾಠಿ ರಂಗಭೂಮಿಯವು. ಮಕ್ಕಳು ದೂರವಾಗಿ ಒಂಟಿಯಾದ ಮುದುಕ ಮುದುಕಿಯ ಕತೆ 'ಸಂಧ್ಯಾ ಛಾಯಾ'. ಹಳೆಯ ಮನೆತನ, ವಿಧವೆಯರ ಗೋಳು, ರಕ್ತದಲ್ಲಿ ಹರಿದುಬರುವ ಹುಚ್ಚು, ಇದು 'ಬ್ಯಾರಿಸ್ಟರ್'. ಅಂದರೆ ಶಂಕರ್ ಮುಂಬಯಿ ಬಿಟ್ಟು ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಇಲ್ಲಿನ ನಾಟಕ ಅಲ್ಲಿಗೆ ಒಯ್ದರು. ನಾವು ಮುಂಬಯಿ ಕನ್ನಡಿಗರು ವರ್ಷವರ್ಷವೂ ಬೆಂಗಳೂರಿನಿಂದ ನಾಟಕ ತರಿಸಿಕೊಳ್ಳುತ್ತೇವೆ, ತಂಡ ಕರೆಸುತ್ತೇವೆ, ವಡೆ-ಸಾಂಬಾರ್ ತಿನ್ನಿಸಿ ಕಳಿಸುತ್ತೇವೆ. ಕಣ್ಣೆದುರಿಗಿರುವ ಮರಾಠಿ ನಾಟಕವನ್ನು ಕನ್ನಡಕ್ಕೆ ತಂದು ಆಡಬೇಕು ಅಂತ ನಮ್ಮ ಕೂಟಕ್ಕೆ ಒಮ್ಮೆಯಾದರೂ ಅನ್ನಿಸಿದೆಯೇ? ಈ ಪ್ರಶ್ನೆ ಕಾರ್ಯದರ್ಶಿಗಳಿಗೆ.

ಹಗಲು ಹೊಡೆದಾಟದ ಶೂಟಿಂಗು, ಬಿಡುವು ಸಿಕ್ಕಾಗ ನಾಟಕ. ಒಂದರಿಂದ ಬಂದ ಹಣ ಮತ್ತು ಹೆಸರು ಇನ್ನೊಂದಕ್ಕೆ ಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ. ಚಿತ್ರರಂಗ ಅವರಿಗೆ ಚಾಲ್ತಿ ಬಂಡವಾಳ. ಅಸಲು ವ್ಯವಹಾರ ಬೇರೆಯೇ. ಮಸಾಲೆ ಚಿತ್ರಗಳ ನಡುವೆ ಅವರು ತಾವೇ ನಿರ್ದೇಶಿಸಿದ ಚಿತ್ರಗಳನ್ನು ತೆಗೆದು ನೋಡಿ, ವ್ಯತ್ಯಾಸ ತಾನಾಗಿ ಕಾಣುತ್ತದೆ. 1980ರ 'ಮಿಂಚಿನ ಓಟ' ಕಾರು ಕದಿಯುವವರ ಕತೆ. ಅನಂತ್ ನಾಗ್, ಲೋಕನಾಥ್, ಶಂಕರ್ ಮೂವರೂ ಇದ್ದಾರೆ, ಹಾಡುಹಸೆಯ ಗೊಡವೆ ಇಲ್ಲದೆ ಜೈಲಿನಿಂದ ತಪ್ಪಿಸಿಕೊಳ್ಳುವ ಓಟವೇ ಚಿತ್ರ. ರಾಜ್ಯ ಪ್ರಶಸ್ತಿಗಳು ಸಾಲಾಗಿ ಬಂದವು. 1981ರ 'ಗೀತಾ', ರಕ್ತದ ಕ್ಯಾನ್ಸರಿನ ಹುಡುಗಿಯ ಪ್ರೇಮಕತೆ. ಇಳಯರಾಜಾ ಅವರ ಹಾಡುಗಳಿಂದಾಗಿ ಈಗಲೂ ಕಾಲೇಜಿನ ಗ್ಯಾದರಿಂಗುಗಳಲ್ಲಿ ಬದುಕಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು 'ಆಕ್ಸಿಡೆಂಟ್'. ಕುಡಿದು ಕಾರು ಓಡಿಸುವ ರಾಜಕಾರಣಿಯ ಮಗ ರಸ್ತೆ ಬದಿಯಲ್ಲಿ ಮಲಗಿದ ಬಡವರ ಮೇಲೆ ಹಾಯಿಸುತ್ತಾನೆ. ಅಪ್ಪನ ಪಾತ್ರ ಅನಂತ್ ನಾಗ್ ಅವರದು, ಪ್ರಕರಣ ಮುಚ್ಚಿಹಾಕುವ ಒಂದೊಂದು ಮೆಟ್ಟಿಲನ್ನೂ ಎಷ್ಟು ತಣ್ಣಗೆ ಹತ್ತುತ್ತಾರೆ! ಬೆನ್ನುಬೀಳುವ ಪತ್ರಕರ್ತ ಶಂಕರ್. 1984ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆಯ ಚಿತ್ರಕ್ಕೆ ಕೊಡುವ ಗೌರವ ಇದಕ್ಕೆ ಸಿಕ್ಕಿತು. ಮುಂಬಯಿಯಲ್ಲಿ ಫುಟ್‌ಪಾತಿನ ಮೇಲೆ ಮಲಗುವವರನ್ನು ದಿನಾ ದಾಟಿಕೊಂಡು ಕಾಲೇಜಿಗೆ ಬರುವ ನಮಗೆ ಈ ಚಿತ್ರ ಬೆಂಗಳೂರಿನದು ಅನ್ನಿಸುವುದೇ ಇಲ್ಲ. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಹಾಕಿಕೊಂಡು 'ಒಂದು ಮುತ್ತಿನ ಕಥೆ' ಮಾಡಿದರು. ಅಮೆರಿಕದ ಸ್ಟೈನ್‌ಬೆಕ್ ಬರೆದ ಕಾದಂಬರಿ ಅದಕ್ಕೆ ಮೂಲ. ಮುತ್ತು ತೆಗೆಯಲು ಕಡಲಿಗೆ ಧುಮುಕುವ ಬಡವನ ಪಾತ್ರದಲ್ಲಿ ಅಣ್ಣಾವ್ರು, ನೀರಿನಡಿಯ ದೃಶ್ಯಗಳು. ಅಣ್ಣಾವ್ರ ಬೇರೆ ಚಿತ್ರಗಳ ಹಾಗೆ ಅದು ಓಡಲಿಲ್ಲ.

ಇನ್ನು 'ಮಾಲ್ಗುಡಿ ಡೇಸ್'. ದೂರದರ್ಶನಕ್ಕಾಗಿ ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಧಾರಾವಾಹಿ ಮಾಡುವ ಕೆಲಸ ನಿರ್ಮಾಪಕ ಟಿ.ಎಸ್. ನರಸಿಂಹನ್ ಅವರ ಮೂಲಕ ಶಂಕರ್ ಕೈಗೆ ಬಂತು. ನಾರಾಯಣ್ ಅವರಿಗೆ ಸಿನಿಮಾದವರೆಂದರೆ ಅಷ್ಟಕ್ಕಷ್ಟೇ. 'ಗೈಡ್' ಕಾದಂಬರಿಯನ್ನು ಹಿಂದಿಯಲ್ಲಿ ತೆಗೆದವರು ಮಾಲ್ಗುಡಿಯನ್ನೇ ಎತ್ತಿಕೊಂಡು ಉತ್ತರಕ್ಕೆ ಹೋದರಲ್ಲ ಅಂತ ಅವರಿಗೆ ಬಹಳ ಬೇಜಾರಿತ್ತು. ಮಾಲ್ಗುಡಿ ಅನ್ನುವ ಊರು ಭೂಪಟದಲ್ಲಿ ಇಲ್ಲವಾದ್ದರಿಂದ ಎಲ್ಲಿ ಬೇಕಾದರೂ ತೆಗೆಯಬಹುದು ಅಂತ ತಿಳಿಯುವುದು ಸುಲಭ. ಶಂಕರ್ ಹುಡುಕಿಕೊಂಡು ಹೋದದ್ದು ಶಿವಮೊಗ್ಗ ಜಿಲ್ಲೆಯ ಮಳೆಯೂರು ಆಗುಂಬೆಗೆ. ಅಲ್ಲಿನ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಊರಿನ ಬೀದಿಯೇ ಮಾಲ್ಗುಡಿಯ ಬೀದಿಯಾಯಿತು. ಜಾನ್ ದೇವರಾಜ್ ಕುದುರೆ ಏರಿದ ಬ್ರಿಟಿಷ್ ಅಧಿಕಾರಿಯ ಪ್ರತಿಮೆ ಮಾಡಿ ನಿಲ್ಲಿಸಿದರು. ರೈಲಿನ ದೃಶ್ಯಗಳಿಗೆ ಅದೇ ಜಿಲ್ಲೆಯ ಅರಸಾಳು ಅನ್ನುವ ಪುಟ್ಟ ನಿಲ್ದಾಣ. ಕ್ಯಾಮೆರಾ ಎಸ್. ರಾಮಚಂದ್ರ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು, ಗೆರೆಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣರವು. ಈ ಲಕ್ಷ್ಮಣರೂ ನಮ್ಮ ಮುಂಬಯಿಯ ಪತ್ರಿಕೆಯವರೇ.

ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಎಂಟು ವರ್ಷದ ಹಿಂದೆ ತನ್ನನ್ನು ಕುದುರೆ ಹತ್ತಿಸಿ ಕತ್ತಿ ಕೊಟ್ಟ ನಿರ್ದೇಶಕರನ್ನು ಈಗ ಶಂಕರ್ ಪಂಚೆ ಕನ್ನಡಕ ಹಾಕಿಸಿ ಮಗನಿಗೆ ಲೆಕ್ಕ ಹೇಳಿಕೊಡಲು ಕೂರಿಸಿದರು. ವಿಷ್ಣುವರ್ಧನ್ ಅಂಥ ದೊಡ್ಡ ಹೀರೋ ಬಂದು ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನಾದರು. ಮಗಳಿಗೆ ಸಿನಿಮಾ ತೋರಿಸುತ್ತೇನೆಂದು ಮಾತು ಕೊಟ್ಟು, ಆಫೀಸಿನಿಂದ ಹೊತ್ತಿಗೆ ಬಿಡಿಸಿಕೊಳ್ಳಲಾರದ ಆ ಅಪ್ಪನ ಕತೆ ನೋಡಿದಾಗ ನಮ್ಮ ಮನೆಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮಪ್ಪನೂ ಗುಮಾಸ್ತರೇ.

ಧಾರಾವಾಹಿ 1986-87ರ ಹೊತ್ತಿಗೆ ಇಡೀ ದೇಶದ ಮನೆಮನೆಗೆ ಹಿಂದಿಯಲ್ಲಿ ಬಂತು. ಶಂಕರ್ ನಿರ್ದೇಶಿಸಿದ ಕಂತುಗಳು 39. ಪಾತ್ರಗಳು ಆಡುವ ಹಿಂದಿಯಲ್ಲಿ ನಮ್ಮ ದಕ್ಷಿಣದ ರಾಗ ಕೇಳಿಸುತ್ತದೆ. ಅದನ್ನು ಅವರು ಉಜ್ಜಿ ತೆಗೆಯದೆ ಹಾಗೇ ಬಿಟ್ಟದ್ದೇ ಒಳ್ಳೆಯದಾಯಿತು ಅಂತ ನನ್ನ ಅನಿಸಿಕೆ. ಇಲ್ಲಿ ನಮ್ಮ ಹಿಂದಿ ಕೇಳಿ ನಗುವ ಸಹಪಾಠಿಗಳ ಅಪ್ಪ ಅಮ್ಮಂದಿರೆಲ್ಲ ಆ ಹಿಂದಿಯನ್ನು ಪ್ರೀತಿಯಿಂದ ಕೇಳಿದ್ದರು. ಹೊಡೆದಾಟದ ಚಿತ್ರಗಳಲ್ಲಿ ಮೇಜು ಮುರಿಯುತ್ತಿದ್ದ ಮನುಷ್ಯನೇ ಇದನ್ನು ಮಾಡಿದ್ದು ಅಂದರೆ ಗೊತ್ತಿಲ್ಲದವರು ನಂಬುವುದಿಲ್ಲ. ಕ್ಯಾಮೆರಾ ಎಲ್ಲೂ ಅವಸರ ಮಾಡುವುದಿಲ್ಲ. ಪಾತ್ರಗಳಿಗೆ ಸುಮ್ಮನೆ ಕೂತಿರಲು ಬಿಡುತ್ತದೆ. ಸುಮ್ಮನೆ ಕೂತವರನ್ನು ನೋಡುವಂತೆ ಮಾಡುವುದು ನಾಟಕದವರಿಗೆ ಗೊತ್ತಿರುವ ವಿದ್ಯೆ.

ಇಷ್ಟರ ನಡುವೆ ಬೆಂಗಳೂರಿನಲ್ಲಿ ಅಣ್ಣನ ಜೊತೆ ಸೇರಿ 'ಸಂಕೇತ್ ಎಲೆಕ್ಟ್ರಾನಿಕ್ಸ್' ಅನ್ನುವ ಧ್ವನಿಮುದ್ರಣ ಸ್ಟುಡಿಯೋ ತೆರೆದರು. ಅಲ್ಲಿಯ ತನಕ ಕನ್ನಡ ಚಿತ್ರದವರು ಇಂಥ ಕೆಲಸಗಳಿಗೆ ಮದರಾಸಿಗೆ ಓಡಬೇಕಿತ್ತು. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಜನತಾ ಪಕ್ಷದ ಪರವಾಗಿ ಪ್ರಚಾರಕ್ಕೂ ಹೋದರು. ಬೆಂಗಳೂರಿಗೆ ಮೆಟ್ರೋ ರೈಲು ಬೇಕು, ನಂದಿಬೆಟ್ಟಕ್ಕೆ ರೋಪ್‌ವೇ ಬೇಕು, ಬಡವರಿಗೆ ಕಡಿಮೆ ಖರ್ಚಿನ ಮನೆ ಬೇಕು ಅಂತ ಯೋಜನೆ ಹಿಡಿದುಕೊಂಡು ಓಡಾಡಿದರು. ಲೋಕಲ್ ರೈಲಿನ ಊರಲ್ಲಿ ಬೆಳೆದವರಿಗೆ ರೈಲಿಲ್ಲದ ದೊಡ್ಡ ಊರು ಅರೆಬರೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಬೆಂಗಳೂರಿನ ಮೆಟ್ರೋ ಕಡೆಗೂ ಓಡಿದ್ದು 2011ರ ಅಕ್ಟೋಬರಿನಲ್ಲಿ.

1990ರ ಸೆಪ್ಟೆಂಬರ್ 30. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆಂದು ಹೆಂಡತಿ ಮಗಳ ಜೊತೆ ಕಾರಿನಲ್ಲಿ ಉತ್ತರ ಕರ್ನಾಟಕದ ಕಡೆ ಹೊರಟಿದ್ದರು. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ನಸುಕಿನ ಹೊತ್ತಿಗೆ, ಕಾರು ಲಾರಿಗೆ ಡಿಕ್ಕಿಯಾಯಿತು. ಶಂಕರ್ ಅಲ್ಲೇ ತೀರಿಕೊಂಡರು. ಇನ್ನೂ ಮೂವತ್ತಾರು ತುಂಬಿರಲಿಲ್ಲ. ಅರುಂಧತಿ ತೀವ್ರವಾಗಿ ಗಾಯಗೊಂಡರು, ಮಗಳು ಉಳಿದಳು. ಅವರು ಮಾಡಿಮುಗಿಸಿದ್ದ ಚಿತ್ರಗಳು ಸತ್ತ ಮೇಲೂ ಒಂದೊಂದಾಗಿ ಬಿಡುಗಡೆಯಾದವು. 'ಸುಂದರಕಾಂಡ' ಬಂದದ್ದು 1991ರಲ್ಲಿ.

ಅರುಂಧತಿಯವರು ಎದ್ದು ನಿಂತರು, ಮತ್ತೆ ರಂಗ ಹತ್ತಿದರು. ಅಷ್ಟಕ್ಕೇ ನಿಲ್ಲದೆ ವರ್ಷಗಟ್ಟಲೆ ಹಣ ಕೂಡಿಸಲು ಮನೆಮನೆ, ಆಫೀಸು ಆಫೀಸು ಅಲೆದರು. ನಾಟಕಕ್ಕೆ ಮಾತ್ರ ಮೀಸಲಾದ ಒಂದು ರಂಗಮಂದಿರ ಕಟ್ಟುವುದು ಗಂಡ ಹೆಂಡತಿ ಇಬ್ಬರ ಆಸೆಯಾಗಿತ್ತು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗ ಶಂಕರ' ತೆರೆಯಿತು. ಸುಮಾರು ಮುನ್ನೂರು ಸೀಟು, ತಂಡಗಳಿಗೆ ಕೈಗೆಟಕುವ ಬಾಡಿಗೆ, ಸೋಮವಾರ ಬಿಟ್ಟರೆ ದಿನಾ ನಾಟಕ. ಹೋದ ರಜೆಯಲ್ಲಿ ಅತ್ತೆ ಮನೆಗೆ ಹೋದವನು ಸೋದರಮಾವನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮಾವ ದಾರಿಯಲ್ಲಿ ಕಾಫಿಗೆ ಇಳಿಯೋಣ ಅಂದರು, ನಾನು ಬಿಡಲಿಲ್ಲ. ಏಳೂವರೆಗೆ ನಾಟಕ ಅಂದರೆ ಅಲ್ಲಿ ಏಳೂವರೆಗೆ ಬಾಗಿಲು ಮುಚ್ಚುತ್ತಾರೆ. ಆಮೇಲೆ ಬಂದವರು ಯಾರೇ ಆಗಿರಲಿ, ಟಿಕೇಟು ಕೈಯಲ್ಲಿ ಹಿಡಿದುಕೊಂಡು ಹೊರಗೆ ನಿಲ್ಲಬೇಕು.